ಹದಿನಾರು ಯಂತ್ರ, ಒಂದು ನಂದಾದೀಪ

ನಮ್ಮ ವಿಭಾಗಕ್ಕೆ ಹದಿನಾರು ಕಂಪ್ಯೂಟರುಗಳು ಒಟ್ಟಿಗೆ ಬಂದಾಗ ಅವುಗಳ ಜವಾಬ್ದಾರಿಯನ್ನು ನನಗೆ ವಹಿಸಿದರು. ನನಗೆ ಆ ಕೆಲಸ ಗೊತ್ತಿದೆ ಎಂಬುದು ಕಾರಣವಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ. ನಾನು ಸಭೆಗಳಲ್ಲಿ ಮಾತಾಡುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಮಾತಾಡದವಳು ಕೆಲಸ ಆಗುವುದಿಲ್ಲವೆಂದು ಹೇಳಲೂ ಬಾಯಿ ತೆರೆಯುವುದಿಲ್ಲ, ಆಯಿತೆಂದು ಹೇಳಿಕೊಳ್ಳಲೂ ತೆರೆಯುವುದಿಲ್ಲ. ಎರಡೂ ವಿಭಾಗಕ್ಕೆ ಅನುಕೂಲ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಪ್ರಯೋಗಾಲಯದಲ್ಲಿ ಗಾಜು ಒಡೆಯುವ ಬದಲು ಒಂದು ಅಣು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನನಗೆ ಕೊಟ್ಟಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಲೆಕ್ಕ ಮುಗಿಯುವ ಲಕ್ಷಣವಿರಲಿಲ್ಲ. ಕರೆಂಟು ಹೋದಾಗಲೆಲ್ಲ ಅದು ತಾನು ಎಲ್ಲಿದ್ದೆ ಎಂಬುದನ್ನು ಮರೆತು ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ನಮ್ಮ ವಿಭಾಗದ ಸಭೆಗಳೂ ಹಾಗೆಯೇ ನಡೆಯುತ್ತಿದ್ದುದರಿಂದ ಯಾರಿಗೂ ಅದು ದೋಷವೆಂದು ಅನಿಸಿರಲಿಲ್ಲ.

ಡಿಸೆಂಬರ್ ಕೊನೆಗೆ ನನ್ನ ಫೆಲೋಶಿಪ್ ಮುಗಿಯುವುದಿತ್ತು. ಅಷ್ಟರೊಳಗೆ ಈ ಲೆಕ್ಕ ಮುಗಿದರೆ ಪ್ರಬಂಧದ ಕೊನೆಯ ಅಧ್ಯಾಯ. ಮುಗಿಯದಿದ್ದರೆ ಇಲವಾಲದ ಕಡೆಯ ಒಂದು ಶಾಲೆ. ನಮ್ಮ ಮನೆತನಕ್ಕೆ ಹಿಂದಿನಿಂದಲೂ ಮಠದ ನಂಟು. ಅಪ್ಪ ಅಗ್ರಹಾರದಲ್ಲಿ ವಿಭೂತಿ, ಕರ್ಪೂರ, ಊದುಬತ್ತಿ ಮಾರುವ ಅಂಗಡಿ ಇಟ್ಟುಕೊಂಡಿದ್ದರು. ಮಠದವರ ಆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರು ಬೇಕೆಂಬ ಸುದ್ದಿ ಆ ಅಂಗಡಿಯ ಕಟ್ಟೆಯಿಂದ ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿತ್ತು.

"ಜನವರಿಯಿಂದ ಖಾಲಿ ಕೂರ್ತೀಯಾ? ಸೇರ್ಕೋ," ಎಂದರು ಅಮ್ಮ.

"ಥೀಸಿಸ್ ಕೊಡ್ತೀನಮ್ಮ."

"ಕೊಡು. ನಾನೇನ್ ಬೇಡ ಅಂದ್ನಾ? ಸೇರ್ದಾಗಿಂದ ಕೊಡ್ತೀನಿ ಕೊಡ್ತೀನಿ ಅಂತಾನೇ ಇದೀಯ. ಇಸ್ಕೊಳೋರು ಯಾರೂ ಇಲ್ವೇನೋ."

ಆದ್ದರಿಂದ ನನ್ನ ಮಾರ್ಗದರ್ಶಕರು "ಎಲ್ಲ ಸಿದ್ಧ ಮಾಡೋದು ನೀನು, ಮೊದಲನೇ ಲೆಕ್ಕಾನೂ ನಿಂದೇ" ಎಂದಾಗ ನಾನು ಒಪ್ಪಿಕೊಂಡೆ. ಅವರು ಸಾಧು ಮನುಷ್ಯರು. ಯಾವ ಕಷ್ಟ ಹೇಳಿಕೊಂಡರೂ "ಸ್ವಲ್ಪ ಹೊಂದ್ಕೊಂಡ್ ಹೋಗಮ್ಮ" ಎನ್ನುತ್ತಿದ್ದರು. ಅದು ಅವರ ಮಾರ್ಗದರ್ಶನ.

ಹದಿನಾರು ಯಂತ್ರಗಳನ್ನು ತಂತಿಗಳಿಂದ ಜೋಡಿಸಿ, ಒಂದೇ ಲೆಕ್ಕವನ್ನು ತುಂಡು ಮಾಡಿ ಅವುಗಳಿಗೆ ಹಂಚಿ, ಒಂದೇ ಯಂತ್ರವೆಂಬಂತೆ ದುಡಿಸುವ ಏರ್ಪಾಡಿಗೆ ಕ್ಲಸ್ಟರ್ ಎನ್ನುತ್ತಾರೆ. ಹದಿನಾರು ಮಂದಿ ಸೇರಿ ಒಂದೇ ಕೆಲಸವನ್ನು ಜಗಳವಿಲ್ಲದೆ ಮಾಡುವ ಈ ಕಲ್ಪನೆ ನಮ್ಮ ವಿಭಾಗಕ್ಕೆ ತೀರ ಹೊಸದು. ಅದಕ್ಕೆ ಕೋಣೆಯನ್ನು ಆರಿಸಿದವರು ವಿಭಾಗದ ಮುಖ್ಯಸ್ಥರು. ಮೊದಲ ಮಹಡಿಯಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿಯಿದ್ದ, ಮಧ್ಯಾಹ್ನದ ಬಿಸಿಲೆಲ್ಲ ನೇರವಾಗಿ ಒಳಗೆ ಬರುವ ಕೋಣೆ. ಜೊತೆಗೆ ಮೊಗಸಾಲೆಯ ಕಡೆಯ ಗೋಡೆ ತೆಗೆಸಿ ಗಾಜು ಹಾಕಿಸಿದರು. "ಬಂದವರಿಗೆ ಕಾಣ್ಬೇಕಲ್ಲಮ್ಮ" ಎಂದರು. ಕಪಾಟಿನಂಥ ಕಬ್ಬಿಣದ ಚೌಕಟ್ಟಿನಲ್ಲಿ ಕೂತ ಕಪ್ಪು ಪೆಟ್ಟಿಗೆಗಳನ್ನು ನೋಡಲು ಯಾರು ಬರುತ್ತಾರೋ ನನಗೆ ಗೊತ್ತಿರಲಿಲ್ಲ.

ಎ.ಸಿ. ಬೇಕು ಎಂದು ಬರೆದುಕೊಟ್ಟೆ. ಮುಖ್ಯಸ್ಥರು ನನ್ನನ್ನು ಕರೆಸಿದರು.

"ಮೈಸೂರಿನಲ್ಲಿ ಎ.ಸಿ.ನಾ? ಇದೇನು ರಾಯಚೂರೇನಮ್ಮ?"

"ಸರ್, ಒಂದೊಂದು ಯಂತ್ರಾನೂ ನೂರು ವ್ಯಾಟಿನ ಮೂರು ಬಲ್ಬಿನಷ್ಟು ಬಿಸಿ ಬಿಡತ್ತೆ."

"ನಮ್ಮನೇಲೂ ಬಲ್ಬ್ ಇದಾವೆ. ಎ.ಸಿ. ಹಾಕ್ಸಿದೀನಾ?"

ಮೈಸೂರಿನ ಹವೆಯ ಬಗ್ಗೆ ಮೈಸೂರಿನವರಿಗೆ ಇರುವ ಅಭಿಮಾನದ ಎದುರು ಉಷ್ಣಗತಿವಿಜ್ಞಾನ ನಿಲ್ಲುವುದಿಲ್ಲ. ಅವರು ಆ ವಿಷಯವನ್ನೇ ಎಂ.ಎಸ್ಸಿ. ತರಗತಿಗೆ ಪಾಠ ಮಾಡುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಕೊನೆಗೆ ಎ.ಸಿ. ಬಂತು. ಆದರೆ ಅದು ನನ್ನ ಲೆಕ್ಕಾಚಾರಕ್ಕೆ ಬಂದದ್ದಲ್ಲ. ಉದ್ಘಾಟನೆಗೆ ಕುಲಪತಿಗಳು ಸೂಟು ಹಾಕಿಕೊಂಡು ಬಂದರೆ ಬೆವರುತ್ತಾರೆ ಎಂದು ಯಾರೋ ನೆನಪಿಸಿದ್ದರಿಂದ ಬಂತು. ಗಾಳಿ ಯಂತ್ರಗಳ ಮುಖಕ್ಕೆ ಬೀಳಬೇಕೆಂದು ನಾನು ಹೇಳಿದೆ. ಅತಿಥಿಗಳ ಕುರ್ಚಿಯ ಕಡೆ ಬೀಳಲಿ ಎಂದರು ಮುಖ್ಯಸ್ಥರು. ನಾನು ವಾದಿಸಲಿಲ್ಲ. ಅತಿಥಿಗಳ ಕುರ್ಚಿಗಳನ್ನು ತಂದು ಯಂತ್ರಗಳ ಮುಂದೆ ಹಾಕಿಸಿದೆ.

ಆಮೇಲೆ ಅಕೌಂಟುಗಳ ಕೆಲಸ. ಕ್ಲಸ್ಟರನ್ನು ಬಳಸುವವರಿಗೆ ಒಬ್ಬೊಬ್ಬರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡಬೇಕು. ಬಳಸುವವರು ನಾನು ಮತ್ತು ಇನ್ನಿಬ್ಬರು ವಿದ್ಯಾರ್ಥಿಗಳು. ಅಕೌಂಟು ಕೇಳಿದವರು ಇಡೀ ಅಧ್ಯಾಪಕ ವರ್ಗ. ಅವರಲ್ಲಿ ಹಲವರು ಇ-ಮೇಲನ್ನು ಕಚೇರಿಯ ಟೈಪಿಸ್ಟ್ ಕೈಯಲ್ಲಿ ಮುದ್ರಿಸಿ ತರಿಸಿ, ಅಂಚಿನಲ್ಲಿ ಪೆನ್ನಿನಿಂದ ಉತ್ತರ ಬರೆದು ವಾಪಸು ಕಳಿಸುತ್ತಿದ್ದರು. ಹೆಸರು ಎಂಟು ಅಕ್ಷರ ಮೀರಬಾರದು ಎಂದೆ. ಒಬ್ಬರು ತಮ್ಮ ಹೆಸರಿನ ಹಿಂದೆ ಡಾಕ್ಟರ್ ಎಂದು ಇರಲೇಬೇಕೆಂದರು. ಪದವಿಗೆ ಎರಡಕ್ಷರ ಹೋದ ಮೇಲೆ ಉಳಿದದ್ದರಲ್ಲಿ ಅವರ ಹೆಸರು ಅರ್ಧಕ್ಕೆ ನಿಂತಿತು. ಅವರಿಗೆ ಅದರಿಂದ ಬೇಸರವೇನೂ ಆದಂತೆ ಕಾಣಲಿಲ್ಲ. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ತಿಳಿಸಿದೆ. ಆ ಸಂಜೆಯೊಳಗೆ ಎಲ್ಲರೂ ತಮ್ಮ ತಮ್ಮ ಪಾಸ್‌ವರ್ಡುಗಳನ್ನು ಭದ್ರವಾಗಿರಲೆಂದು ಕಚೇರಿಯ ಸೂಪರಿಂಟೆಂಡೆಂಟರಿಗೆ ಹೇಳಿ ಬಂದಿದ್ದರು.

ಈ ಸೂಪರಿಂಟೆಂಡೆಂಟರ ಬಳಿ ವಿಭಾಗದ ಎಲ್ಲ ಕೋಣೆಗಳ ಬೀಗದ ಕೈಗಳೂ ಇದ್ದವು, ಎಲ್ಲ ಶಾಸ್ತ್ರ ಸಂಪ್ರದಾಯಗಳೂ ಇದ್ದವು. ಅಗ್ರಹಾರದಲ್ಲಿ ಮನೆ, ಅಪ್ಪನ ಅಂಗಡಿಯ ಹಳೆಯ ಗಿರಾಕಿ. ಹಾಗಾಗಿ ಬೇರೆ ವಿದ್ಯಾರ್ಥಿನಿಯರನ್ನು ಮೇಡಂ ಎನ್ನುವವರು ನನ್ನನ್ನು ಮಾತ್ರ ಏಕವಚನದಲ್ಲಿ ಕರೆಯುತ್ತಿದ್ದರು.

ಅಕೌಂಟು ಕೊಟ್ಟ ಮೇಲೆ ಜಾಗದ ಪ್ರಶ್ನೆ. ಯಂತ್ರಗಳಿಗೆಲ್ಲ ಸೇರಿ ಒಂದು ದೊಡ್ಡ ಡಿಸ್ಕ್ ಇತ್ತು. ಅದನ್ನು ಪಾರ್ಟಿಷನ್ ಮಾಡಬೇಕು, ಅಂದರೆ ಒಳಗೆ ಗೋಡೆ ಕಟ್ಟಿ ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡಬೇಕು. ಎಲ್ಲರಿಗೂ ಸ್ವಂತಕ್ಕೆ ಚಿಕ್ಕ ಜಾಗ ಸಾಕು, ಉಳಿದದ್ದೆಲ್ಲ ಒಂದೇ ಅಂಗಳದಂತೆ ಇರಲಿ, ಯಾರ ಲೆಕ್ಕ ನಡೆಯುತ್ತಿದೆಯೋ ಅವರು ಬಳಸಲಿ ಎಂದು ನಾನು ಸಲಹೆ ಬರೆದಿದ್ದೆ. ಸಭೆಯಲ್ಲಿ ಅದನ್ನು ಓದಿದರು.

"ಅಂಗಳ ಅಂದ್ರೆ ಯಾರ್ದು?" ಎಂದು ಕೇಳಿದರು ಎರಡನೆಯ ಪ್ರೊಫೆಸರು.

ಎರಡನೆಯ ಎಂದರೆ ಹಿರಿತನದಲ್ಲಿ ಮುಖ್ಯಸ್ಥರ ನಂತರದವರು. ಇಬ್ಬರ ಕೋಣೆಗಳೂ ಅಕ್ಕಪಕ್ಕ. ಇಬ್ಬರಿಗೂ ಮಾತಿಲ್ಲ. ಏನಿದ್ದರೂ ಸೂಪರಿಂಟೆಂಡೆಂಟರ ಮೂಲಕ. ಆ ವರ್ಷ ಮುಖ್ಯಸ್ಥರ ಮಗಳ ಮದುವೆಗೆ ಇಡೀ ವಿಭಾಗವನ್ನು ಕರೆದು, ಇವರೊಬ್ಬರಿಗೆ ಮಾತ್ರ ಕರೆಯೋಲೆ ಕೊಡದೆ ಬಿಟ್ಟ ಮೇಲೆ ಆ ಮೌನ ಅಧಿಕೃತವಾಗಿತ್ತು.

"ಎಲ್ಲರದೂ ಸರ್," ಎಂದೆ.

"ಯಾರ್ದೂ ಅಲ್ಲ ಅಂತಾಯ್ತು. ನಮ್ಮ ಪಾಲು ಎಷ್ಟು ಅಂತ ಬಿಡಿಸಿ ಹೇಳಮ್ಮ."

ಆ ಮಾತು ಬಂದದ್ದೇ ತಡ, ಸಭೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ದಿನದ ಗಾಂಭೀರ್ಯ ಬಂದುಬಿಟ್ಟಿತು. ಪ್ರೊಫೆಸರಿಗೆ ಇಷ್ಟು, ರೀಡರಿಗೆ ಅದರಲ್ಲಿ ಅರ್ಧ, ಲೆಕ್ಚರರಿಗೆ ಅದರಲ್ಲೂ ಅರ್ಧ. ಮುಖ್ಯಸ್ಥರು ತಮಗೊಂದು ದೊಡ್ಡ ತುಂಡು ಇಟ್ಟುಕೊಂಡರು. ಎರಡನೆಯವರು ತಮ್ಮದು ಅದಕ್ಕಿಂತ ಒಂದು ಚೂರೂ ಕಡಿಮೆ ಇರಬಾರದೆಂದು ಸೂಪರಿಂಟೆಂಡೆಂಟರಿಗೆ ಹೇಳಿದರು. ಸೂಪರಿಂಟೆಂಡೆಂಟರು ಪಕ್ಕಕ್ಕೆ ತಿರುಗಿ ಮುಖ್ಯಸ್ಥರಿಗೆ ಹೇಳಿದರು. ಹಾಗೇ ಆಯಿತು. ಸಂಶೋಧನಾ ವಿದ್ಯಾರ್ಥಿಗಳಿಗೆ ಉಳಿದ ಜಾಗ ಎಂದು ನಡಾವಳಿಯಲ್ಲಿ ಬರೆದರು. ಉಳಿದದ್ದು ಎಷ್ಟೆಂದರೆ ನನ್ನ ಲೆಕ್ಕ ಕಾಲು ಚಾಚಿದರೆ ಗೋಡೆ ಮುಟ್ಟುತ್ತಿತ್ತು.

ನನ್ನ ಕಷ್ಟ ಇಷ್ಟೇ. ವಾರಗಟ್ಟಲೆ ಓಡುವ ಲೆಕ್ಕವನ್ನು ಮಧ್ಯೆ ನಿಲ್ಲಿಸಬೇಕಾಗಿ ಬಂದರೆ, ಅದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಡಿಸ್ಕಿನಲ್ಲಿ ಬರೆದಿಡಬೇಕು. ಆಗ ಮುಂದೆ ಅಲ್ಲಿಂದಲೇ ಶುರುಮಾಡಬಹುದು. ಬರೆದಿಡದೆ ನಿಂತರೆ ಎಲ್ಲ ಹೋಯಿತು. ಹಾಗೆ ಬರೆದಿಡಲು ಬಹಳ ಜಾಗ ಬೇಕು. ಮುಖ್ಯಸ್ಥರ ಪಾಲು ಪೂರ್ತಿ ಖಾಲಿ. ಅದರಲ್ಲಿ ಇದ್ದದ್ದು ಒಂದೇ ಒಂದು ಫೈಲು, ಅವರ ಬಯೋಡೇಟಾ. ಹೋಗಿ ಕೇಳಿದೆ.

"ನನ್ನ ಜಾಗದಲ್ಲಾ?" ಎಂದರು. ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಿದಾಗ ನೋಡುವ ಹಾಗೆ ನೋಡಿದರು. "ಇಟ್ಕೋಮ್ಮ, ಅದಕ್ಕೇನಂತೆ. ಪೇಪರ್ ಬಂದಾಗ ನನ್ನ ಹೆಸರೂ ಇರತ್ತಲ್ಲ?"

ಇಲವಾಲ ನೆನಪಾಯಿತು. ಇರುತ್ತದೆ ಎಂದೆ. ಖಾಲಿ ಜಾಗ ಕೊಟ್ಟವರನ್ನು ಸಂಶೋಧಕರೆಂದು ಕರೆಯುವುದು ನನಗೆ ಹೊಸದಾಗಿ ಕಂಡರೂ, ವಿಭಾಗದ ಹಳೆಯ ಪೇಪರುಗಳನ್ನು ತಿರುವಿದಾಗ ಇದು ಚೆನ್ನಾಗಿ ಬೇರೂರಿದ ಪದ್ಧತಿ ಎಂದು ತಿಳಿಯಿತು.

ಗೌರಿ ಗಣೇಶ ಮುಗಿದ ವಾರ ಲೆಕ್ಕ ಶುರುಮಾಡಿದೆ. ಉದ್ಘಾಟನೆ ದೀಪಾವಳಿಯ ನಂತರ ಎಂದು ಗೊತ್ತಾಗಿತ್ತು. ಅದು "ಪರೀಕ್ಷಾರ್ಥ ಓಟ" ಎಂದು ಹೇಳಿಕೊಂಡು ನಾನು ಓಡಿಸುತ್ತಿದ್ದೆ. ಹದಿನಾರು ಯಂತ್ರಗಳೂ ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಎ.ಸಿ.ಯ ಗಾಳಿ ಖಾಲಿ ಕುರ್ಚಿಗಳ ಮೇಲೆ ಹಾದು ಅವುಗಳ ಮುಖಕ್ಕೆ ಬೀಳುತ್ತಿತ್ತು. ಅಷ್ಟು ದಿನಗಳಲ್ಲಿ ಅಧ್ಯಾಪಕರು ಯಾರೂ ತಮ್ಮ ಅಕೌಂಟು ತೆರೆಯಲಿಲ್ಲ. ಕೆಲಸ ನಿರ್ವಿಘ್ನವಾಗಿ ಸಾಗಿತು.

ಹೀಗಿರುವಾಗ ಆಯುಧಪೂಜೆ ಬಂತು.

ಅಂದು ಬೆಳಿಗ್ಗೆ ಸೂಪರಿಂಟೆಂಡೆಂಟರು ಮಡಿ ಪಂಚೆಯುಟ್ಟು, ಅಪ್ಪನ ಅಂಗಡಿಯಿಂದಲೇ ಕೊಂಡ ಕರ್ಪೂರ ಹಿಡಿದು, ವಿಭಾಗದ ಆಸ್ತಿಗೆಲ್ಲ ಒಂದು ಕಡೆಯಿಂದ ಕುಂಕುಮ ಇಡುತ್ತ ಬಂದರು. ಟೈಪ್‌ರೈಟರಿಗೆ, ತಕ್ಕಡಿಗೆ, ಎರಡು ವರ್ಷದಿಂದ ಕೆಟ್ಟಿದ್ದ ಕುಡಿಯುವ ನೀರಿನ ಯಂತ್ರಕ್ಕೆ. ಕೊನೆಗೆ ಗಾಜಿನ ಕೋಣೆಗೆ. ಮುಖ್ಯಸ್ಥರು, ನಾನು, ಇನ್ನು ಕೆಲವರು ಹಿಂದೆ ನಿಂತಿದ್ದೆವು. ಯಂತ್ರಗಳು ಗಾಳಿ ಎಳೆದುಕೊಳ್ಳುವ ಜಾಲರಿಗಳ ಮೇಲೆ ಸರಿಯಾಗಿ ಅರಿಸಿನ ಬಳಿದು, ಅದರ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟರು. ಹೊಸ್ತಿಲಲ್ಲಿ ಬೂದುಗುಂಬಳ ಒಡೆದರು. ಕೋಣೆಯ ನಡುವೆ ಎತ್ತರದ ದೀಪದ ಕಂಬ ಇಟ್ಟು, ಎಣ್ಣೆ ತುಂಬಿ ಹಚ್ಚಿದರು.

"ಆ ಎ.ಸಿ. ಆಫ್ ಮಾಡಮ್ಮ, ದೀಪ ಅಲ್ಲಾಡ್ತಾ ಅದೆ."

ಆಫ್ ಮಾಡಿದೆ. "ಮಂಗಳಾರತಿ ಆದ್ಮೇಲೆ ಹಾಕಬಹುದಲ್ವಾ?"

"ಎಂಗ್ ಆಕ್ತೀಯ? ನಂದಾದೀಪ ಕಣಮ್ಮ ಇದು. ದಶಮಿ ಕಳಿಯೋ ಗಂಟ ಆರಂಗಿಲ್ಲ." ಆಮೇಲೆ ಮುಖ್ಯಸ್ಥರ ಕಡೆ ತಿರುಗಿದರು. "ಸಾರ್, ಇವು ಓಡ್ತಾನೇ ಅವೆ. ಪೂಜೆಗಿಟ್ಟ ಆಯುಧ ಕೆಲ್ಸ ಮಾಡ್ಬಾರ್ದು. ಆಫ್ ಮಾಡಿಸ್ಬುಡಿ."

"ಲೆಕ್ಕ ನಡೀತಿದೆ ಸರ್," ಎಂದೆ. ಸಾಮಾನ್ಯವಾಗಿ ಮಾತಾಡದವಳು ಮಾತಾಡಿದ್ದಕ್ಕೆ ಎಲ್ಲರೂ ಒಮ್ಮೆ ತಿರುಗಿ ನೋಡಿದರು.

ಮುಖ್ಯಸ್ಥರಿಗೆ ಪೇಪರು ನೆನಪಾಗಿರಬೇಕು. "ಆಫ್ ಮಾಡೋದು ಬೇಡ ಕಣ್ರೀ. ನಮ್ಮ ಲೆಕ್ಕ ನಡೀತಿದೆ," ಎಂದರು. ನಮ್ಮ ಎಂಬ ಮಾತನ್ನು ನಾನು ಗಮನಿಸಿದೆ. "ಮುಟ್ಟೋದೂ ಬೇಡ. ಬೀಗ ಹಾಕ್ಬಿಡಿ, ತಮ್ಮ ಪಾಡಿಗೆ ತಾವು ಓಡ್ಕೊಳ್ಲಿ. ಯಾರೂ ಮುಟ್ಟದೆ ಓಡಿದ್ರೆ ದೋಷ ಇಲ್ಲ ಅಲ್ವಾ?"

ಸೂಪರಿಂಟೆಂಡೆಂಟರು ಸ್ವಲ್ಪ ಯೋಚಿಸಿದರು. "ಮುಟ್ಟದೇ ಇದ್ರೆ... ಇಲ್ಲ ಸಾರ್."

"ಎ.ಸಿ. ಸರ್," ಎಂದೆ ನಾನು.

"ದೀಪ ಸಾರ್," ಎಂದರು ಅವರು.

ಮುಖ್ಯಸ್ಥರು ಎರಡನ್ನೂ ನೋಡಿದರು. "ಒಂದೆರಡು ದಿನಕ್ಕೆ ಏನಾಗತ್ತಮ್ಮ? ಮೈಸೂರು ಇದು."

ಹೀಗೆ ಇಬ್ಬರ ಮಾತಿಗೂ ಗೌರವ ಕೊಟ್ಟು, ಯಂತ್ರಗಳು ಓಡುತ್ತಿರಬೇಕು, ಎ.ಸಿ. ಓಡಬಾರದು, ಬಾಗಿಲು ತೆರೆಯಬಾರದು ಎಂದು ತೀರ್ಮಾನವಾಯಿತು. ಸಮಿತಿಯೇ ಕೂತಿದ್ದರೂ ಇದಕ್ಕಿಂತ ಪರಿಪೂರ್ಣವಾದ ನಿರ್ಧಾರಕ್ಕೆ ಬರುತ್ತಿರಲಿಲ್ಲ. ಬೀಗದ ಕೈ ಸೂಪರಿಂಟೆಂಡೆಂಟರ ಸೊಂಟಕ್ಕೆ ಹೋಯಿತು. ಎಲ್ಲರಿಗೂ ಪುರಿ, ಕಡಲೆ, ಬಾಳೆಹಣ್ಣು ಕೊಟ್ಟರು.

ನನ್ನ ಮಾರ್ಗದರ್ಶಕರಿಗೆ ವಿಷಯ ಹೇಳಿದೆ. ಅವರು ಬಾಳೆಹಣ್ಣು ಸುಲಿಯುತ್ತ ಹೇಳಿದ್ದೇನೆಂಬುದನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ.

ಎಲ್ಲರೂ ಹೋದ ಮೇಲೂ ನಾನು ಹೋಗಲಿಲ್ಲ. ಊಟದ ಹೊತ್ತು ಮೀರಿ ಬಿಸಿಲು ಪಶ್ಚಿಮದ ಕಿಟಕಿಗೆ ಬಂದಾಗ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟೆ. ಆಗತಾನೇ ಹಾಲು ಕಾಯಿಸಿ ಇಳಿಸಿದ ಪಾತ್ರೆಯಂತೆ ಬೆಚ್ಚಗಿತ್ತು. ಒಳಗೆ ದೀಪ ಅಲ್ಲಾಡದೆ ಉರಿಯುತ್ತಿತ್ತು. ಮಾಲೆಗಳು ಬಾಡಿ ಜಾಲರಿಗೆ ಅಂಟಿಕೊಂಡಿದ್ದವು. ಬಂದವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಕಚೇರಿಯ ಹೊರಗಿದ್ದ ಫೋನಿನಿಂದ ಸೂಪರಿಂಟೆಂಡೆಂಟರ ಮನೆಗೆ ಮಾಡಿದೆ.

"ಕೋಣೆ ತುಂಬ ಬಿಸಿಯಾಗಿದೆ. ಬೀಗದ ಕೈ ಕೊಟ್ಟರೆ ನಾನೇ ಬಂದು ತಗೊಂಡು ಹೋಗ್ತೀನಿ."

"ಬಿಸಿಯಾದ್ರೆ ಆಗ್ಲಿ ಬುಡಮ್ಮ. ಒಂದು ಎಣ್ಣೆ ದೀಪದ ಬಿಸಿ ಎಷ್ಟಾದಾತು?"

"ದೀಪದ ಬಿಸಿ ಅಲ್ಲ, ಯಂತ್ರದ್ದು."

"ಯಂತ್ರಕ್ಕೆ ಪೂಜೆ ಆಗ್ಯದಲ್ಲ, ಏನೂ ಆಗಲ್ಲ. ನೀನು ಅಂಥಾ ಅಪ್ಪನ ಮಗಳಾಗಿ ಇಂಗ್ ಅನ್ಬೋದಾ? ಮನೆಗೋಗಿ ಹೋಳಿಗೆ ತಿನ್ನು."

ಮುಖ್ಯಸ್ಥರ ಮನೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ಮರುದಿನದ ಮೆರವಣಿಗೆಗೆ ಪಾಸುಗಳನ್ನು ಹೊಂದಿಸಲು ಅವರು ಊರೆಲ್ಲ ತಿರುಗುತ್ತಿದ್ದರೆಂದು ಆಮೇಲೆ ತಿಳಿಯಿತು.

ಬಾಗಿಲು ತೆರೆಯದೆಯೂ ಯಂತ್ರಗಳನ್ನು ತಲುಪುವ ದಾರಿಯಿತ್ತು. ಕಟ್ಟಡದಲ್ಲಿ ತಂತಿ ಎಳೆದ ಯಾವ ಕಂಪ್ಯೂಟರಿನಿಂದಲಾದರೂ ಅವುಗಳೊಳಗೆ ಹೋಗಬಹುದು. ಆದರೆ ಎಲ್ಲ ಕಂಪ್ಯೂಟರುಗಳಿಗೂ ಪೂಜೆಯಾಗಿ, ಮೇಲೆ ಹಳದಿ ವಸ್ತ್ರ ಹೊದಿಸಿ, ಕೋಣೆಗಳಿಗೆ ಬೀಗ ಹಾಕಿದ್ದರು. ಪೂಜೆಯಾಗದೆ ಉಳಿದದ್ದು ಒಂದೇ, ಸಂಶೋಧನಾ ವಿದ್ಯಾರ್ಥಿಗಳ ಕೋಣೆಯ ಮೂಲೆಯಲ್ಲಿದ್ದ ನನ್ನ ಹಳೆಯದು. ಅದು ನಿರುಪಯುಕ್ತವೆಂದು ಹಿಂದಿನ ವರ್ಷವೇ ಆಸ್ತಿಯಿಂದ ತೆಗೆದುಹಾಕಿದ್ದರಿಂದ ಕುಂಕುಮಕ್ಕೆ ಅರ್ಹವಾಗಿರಲಿಲ್ಲ. ಸಂಪ್ರದಾಯದ ಪ್ರಕಾರ ಅಂದು ಇಡೀ ವಿಭಾಗದಲ್ಲಿ ಮುಟ್ಟಬಹುದಾದ ಯಂತ್ರ ಅದೊಂದೇ. ಕರೆಂಟೂ ಇತ್ತು. ಕೂತೆ.

ಒಳಗೆ ಹೋಗಿ ಯಂತ್ರಗಳ ಶಾಖ ನೋಡಿದೆ. ಮೇಲಿನ ಸಾಲಿನವು ಎಲ್ಲಕ್ಕಿಂತ ಮುಂದಿದ್ದವು. ಒಂದು ಮಟ್ಟ ಮೀರಿದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಹದಿನಾರರಲ್ಲಿ ಒಂದು ಆರಿದರೂ ಲೆಕ್ಕ ಕುಸಿಯುತ್ತದೆ. ಗೌರಿ ಹಬ್ಬದಿಂದ ಓಡಿದ್ದೆಲ್ಲ ಹೋಗುತ್ತದೆ. ಮತ್ತೆ ಮೊದಲಿನಿಂದ ಓಡಿಸಿದರೆ ಡಿಸೆಂಬರ್ ದಾಟುತ್ತದೆ. ಮಠದವರ ಶಾಲೆಯ ಕಪ್ಪು ಹಲಗೆ ನನಗೆ ಆ ಕ್ಷಣ ಬಹಳ ಸ್ಪಷ್ಟವಾಗಿ ಕಂಡಿತು.

ಲೆಕ್ಕಕ್ಕೆ, ಇದ್ದಲ್ಲಿಗೆ ನಿಲ್ಲಿಸಿ ಬರೆದಿಡು ಎಂದು ಆಜ್ಞೆ ಕೊಡುವ ಮುನ್ನ ಅಭ್ಯಾಸಬಲದಿಂದ ಜಾಗ ನೋಡಿದೆ. ಮುಖ್ಯಸ್ಥರ ಪಾಲು ಭರ್ತಿಯಾಗಿತ್ತು.

ತೆರೆದು ನೋಡಿದರೆ ಮಗಳ ಮದುವೆಯ ವಿಡಿಯೋ. ಯಂತ್ರ ಮಾರಿದ ಕಂಪನಿಯಿಂದ ಬಂದ ಎಂಜಿನಿಯರ್ ಕೈಯಲ್ಲಿ ಹಿಂದಿನ ದಿನವೇ ಒಂದಾದ ಮೇಲೊಂದು ಸಿ.ಡಿ. ಹಾಕಿಸಿ ತುಂಬಿಸಿದ್ದರು. ವರಪೂಜೆ, ಧಾರೆ, ಆರತಕ್ಷತೆ, ಊಟದ ಪಂಕ್ತಿ. ನಮ್ಮ ಕ್ಲಸ್ಟರಿನಲ್ಲಿ ಅಧ್ಯಾಪಕರೊಬ್ಬರು ಕೈಗೊಂಡ ಮೊದಲ ಮತ್ತು ನನಗೆ ತಿಳಿದಂತೆ ಕೊನೆಯ ಕೆಲಸ ಅದು.

ಲೆಕ್ಕ ಎಲ್ಲಿ ಬರೆದಿಡಬೇಕೆಂಬುದನ್ನು ಶುರುವಿನಲ್ಲೇ ಹೇಳಿಯಾಗಿತ್ತು. ಓಡುತ್ತಿರುವಾಗ ಅದನ್ನು ಬದಲಿಸಲಾಗದು. ಮದುವೆಯೇ ಜಾಗ ಬಿಡಬೇಕಿತ್ತು. ಅಳಿಸುವ ಅಧಿಕಾರ ನನಗಿತ್ತು. ಅಳಿಸಲಿಲ್ಲ. ಅಷ್ಟು ದೊಡ್ಡ ಫೈಲುಗಳು ಹಿಡಿಸುವ ಜಾಗ ಇಡೀ ಡಿಸ್ಕಿನಲ್ಲಿ ಇನ್ನೊಂದೇ ಇತ್ತು. ಇದಕ್ಕಿಂತ ಒಂದು ಚೂರೂ ಕಡಿಮೆಯಿಲ್ಲದ, ಒಂದು ದಿನವೂ ಯಾರೂ ಕಾಲಿಡದ, ಎರಡನೆಯ ಪ್ರೊಫೆಸರ ಪಾಲು. ಅವರನ್ನು ಮದುವೆಗೆ ಕರೆದಿರಲಿಲ್ಲ. ಮದುವೆಯನ್ನೇ ಅವರ ಮನೆಗೆ ಕಳಿಸಿದೆ.

ನಾನು ಹೇಳಿದಂತೆ ಎಲ್ಲ ಒಂದೇ ಅಂಗಳವಾಗಿದ್ದರೆ ಸಾಗಿಸುವ ಮಾತೇ ಇರುತ್ತಿರಲಿಲ್ಲ. ಈಗ ಗೋಡೆಗಳಿದ್ದವು. ಒಂದೊಂದು ಶಾಸ್ತ್ರವನ್ನೂ ಆ ಕಡೆ ಪೂರ್ತಿ ನಕಲು ಮಾಡಿ, ಈ ಕಡೆ ತೆಗೆಯಬೇಕು. ವರಪೂಜೆ ಬೇಗ ಹೋಯಿತು. ಧಾರೆ ನಿಧಾನ. ಅತ್ತ ಮೇಲಿನ ಸಾಲಿನ ಯಂತ್ರಗಳ ಶಾಖ ಏರುತ್ತಲೇ ಇತ್ತು. ಆರತಕ್ಷತೆಯಲ್ಲಿ ಸಾಲು ನಿಂತವರು ಕರಗುವ ಸೂಚನೆಯೇ ಇರಲಿಲ್ಲ. ನಾನು ಆ ಮದುವೆಗೆ ಹೋಗಿದ್ದೆ. ಅಂದೂ ಅಷ್ಟೇ ಹೊತ್ತು ನಿಂತಿದ್ದೆ. ಊಟದ ಪಂಕ್ತಿ ದಾಟಿದ ಕೂಡಲೇ ಆಜ್ಞೆ ಕೊಟ್ಟೆ. ಲೆಕ್ಕ ಬರೆಯತೊಡಗಿತು. ಬರೆದು ಮುಗಿಸಿತು. ಮುಗಿಸಿದ್ದು ಸರಿಯಿದೆಯೇ ಎಂದು ಎರಡು ಸಲ ನೋಡಿ, ಹದಿನಾರು ಯಂತ್ರಗಳನ್ನೂ ಒಂದೊಂದಾಗಿ ಮಲಗಿಸಿದೆ. ಆಮೇಲೆ ಬೆಳಿಗ್ಗೆ ಕೊಟ್ಟ ಬಾಳೆಹಣ್ಣು ಸುಲಿದೆ.

ಮರುದಿನ ವಿಜಯದಶಮಿ. ಊರೆಲ್ಲ ಮೆರವಣಿಗೆಯ ಕಡೆ ಹೋಗಿತ್ತು. ಬೆಳಿಗ್ಗೆ ಬಂದು ಗಾಜಿನಲ್ಲಿ ಇಣುಕಿದೆ. ಎಣ್ಣೆ ತೀರಿ ದೀಪ ಆರಿಹೋಗಿತ್ತು. ಎ.ಸಿ. ಮಾತ್ರ ದೀಪದ ಗೌರವಾರ್ಥ ಆಫ್ ಆಗಿಯೇ ಇತ್ತು.

ದಶಮಿ ಕಳೆದ ಮೇಲೆ ಸೂಪರಿಂಟೆಂಡೆಂಟರು ಬೀಗ ತೆರೆದರು. ದೀಪವನ್ನು ನೋಡಿ "ಶಾಂತವಾಗ್ಯದೆ" ಎಂದರು. ಆಮೇಲೆ ಯಂತ್ರಗಳ ಮುಂದೆ ನಿಂತು, ಸದ್ದಿಲ್ಲದ್ದನ್ನು ಕಂಡು, ಕೆನ್ನೆ ಕೆನ್ನೆ ಬಡಿದುಕೊಂಡರು.

"ನೋಡ್ದಾ? ಯಾರೂ ಆಫ್ ಮಾಡ್ನಿಲ್ಲ, ಬಾಗ್ಲು ತೆಗೀನಿಲ್ಲ. ತಾವೇ ಸುಮ್ನಾಗವೆ. ಅವುಕ್ಕೂ ಗೊತ್ತಾಯ್ತದೆ ಕಣಮ್ಮ, ಆಯುಧಪೂಜೆ ದಿನ ಕೆಲ್ಸ ಮಾಡ್ಬಾರ್ದು ಅಂತ. ನಿಮ್ಮಂಥ ಓದ್ದೋರ್‌ಗೇ ಗೊತ್ತಾಗಕಿಲ್ಲ."

ಹೌದು ಎಂದೆ. ಅವರ ಬೆನ್ನ ಹಿಂದೆ ಎ.ಸಿ. ಹಾಕಿ, ಒದ್ದೆ ಬಟ್ಟೆಯಲ್ಲಿ ಅರಿಸಿನ ಒರೆಸಿ, ನಿಂತಲ್ಲಿಂದ ಲೆಕ್ಕ ಮುಂದುವರಿಸಿದೆ. ಮುಖ್ಯಸ್ಥರ ಪಾಲಿನಲ್ಲಿ ಈಗ ನನ್ನದು ತುಂಬಿಕೊಂಡಿದ್ದರಿಂದ, ಮುಗಿಯುವವರೆಗೆ ಮದುವೆಯನ್ನು ವಾಪಸು ತರಲು ಜಾಗವಿರಲಿಲ್ಲ. ಯಾರೂ ಅಕೌಂಟು ತೆರೆಯುವುದಿಲ್ಲವಾದ್ದರಿಂದ ಅವಸರವೂ ಕಾಣಲಿಲ್ಲ.

ದೀಪಾವಳಿ ಕಳೆದು ಉದ್ಘಾಟನೆ ಬಂತು. ಕುಲಪತಿಗಳು ಸೂಟಿನಲ್ಲಿ ಬಂದು, ಯಂತ್ರಗಳ ಮುಂದಿನ ಕುರ್ಚಿಯಲ್ಲಿ ತಣ್ಣಗೆ ಕೂತರು. ಗೋಡೆಯ ಮೇಲೆ ಪರದೆ, ಪಕ್ಕದಲ್ಲಿ ಧ್ವನಿಪೆಟ್ಟಿಗೆಗಳು. ಹದಿನಾರು ಯಂತ್ರಗಳು ಒಂದೇ ಮನಸ್ಸಿನಿಂದ ದುಡಿಯುವುದರ ಬಗ್ಗೆ ಮುಖ್ಯಸ್ಥರು ಭಾಷಣ ಮಾಡಿದರು. ತೋರಿಸಲು ನನ್ನನ್ನು ಕರೆದಾಗ ಕುಲಪತಿಗಳು ಕೈಯೆತ್ತಿದರು. "ವಿದ್ಯಾರ್ಥಿಗಳು ಹೇಗೂ ಬಳಸ್ತಾರೆ. ಅಧ್ಯಾಪಕರು ಯಾರಾದ್ರೂ ತೋ‌ರಿಸ್ಲಿ."

ಮುಖ್ಯಸ್ಥರು ಏಳುವಷ್ಟರಲ್ಲಿ ಎರಡನೆಯ ಪ್ರೊಫೆಸರು ಎದ್ದಾಗಿತ್ತು. ಸೂಪರಿಂಟೆಂಡೆಂಟರು ಅವರ ಕಿವಿಯಲ್ಲಿ ಅವರ ಪಾಸ್‌ವರ್ಡನ್ನು ಹೇಳಿದರು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಅವರ ಪಾಲು ತೆರೆದುಕೊಂಡಿತು. ಖಾಲಿಯಿರಬೇಕಾದ ಜಾಗ ಖಾಲಿಯಿಲ್ಲದ್ದನ್ನು ಕಂಡು, ತೋರಿಸಲು ಏನೋ ಇದೆಯೆಂದು ಅವರ ಮುಖ ಅರಳಿತು. ಯೋಚಿಸದೆ ಕೊನೆಯ ಫೈಲಿನ ಮೇಲೆ ಒತ್ತಿದರು.

ನಾದಸ್ವರ ಶುರುವಾಯಿತು. ಗೋಡೆಯ ಮೇಲೆ ಉದ್ದಕ್ಕೂ ಬಾಳೆಎಲೆ. ಪಂಚೆ ಎತ್ತಿ ಕಟ್ಟಿದ ಮುಖ್ಯಸ್ಥರು ಪಂಕ್ತಿಯ ನಡುವೆ ಓಡಾಡುತ್ತ ತುಪ್ಪ ಬಡಿಸುವಂತೆ ಹೇಳುತ್ತಿದ್ದರು.

ಎರಡನೆಯ ಪ್ರೊಫೆಸರು ಪರದೆಯಿಂದ ಈ ಕಡೆ ತಿರುಗಿದರು. ಆಮೇಲೆ, ವರ್ಷದಲ್ಲಿ ಮೊದಲ ಸಲ, ನೇರವಾಗಿ ಮುಖ್ಯಸ್ಥರಿಗೇ ಹೇಳಿದರು:

"ಕರೀದಿದ್ರೂ ಊಟಕ್ಕೆ ಕೂರ್ಸಿಬಿಟ್ರಲ್ಲ ಸಾರ್."

ಮುಖ್ಯಸ್ಥರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಕುಲಪತಿಗಳು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಅಲ್ಲಿ ನೋಡ್ರಿ, ಕಂಬದ ಪಕ್ಕ, ಹೋಳಿಗೆ ಹಾಕಿಸ್ಕೊಳ್ತಾ ಇರೋದು ನಾನೇ ಅಲ್ವಾ?" ಎಂದು ಸಂತೋಷದಿಂದ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ಚೆನ್ನಾಗಿ ಕಾಣತ್ತೆ ಕಣ್ರೀ. ಬಹಳ ಶಕ್ತಿಶಾಲಿ ಯಂತ್ರ."

ಮುಖ್ಯಸ್ಥರು ಸಾವರಿಸಿಕೊಂಡರು. "ಅದೇ ಸರ್ ಇದರ ವಿಶೇಷ. ಯಾರದು ಯಾರ ಜಾಗದಲ್ಲಿದ್ರೂ ಎಲ್ಲರೂ ನೋಡಬಹುದು."

ಅತಿಥಿಗಳು ಹೋದ ಮೇಲೆ ನನ್ನನ್ನು ಕರೆಸಿದರು. "ಏನಮ್ಮ ಅದು?"

"ಹಬ್ಬದ ದಿನ ಕೋಣೆ ಬಿಸಿಯಾಗಿತ್ತು ಸರ್. ಸ್ಥಳ ಬದಲಾಯಿತು," ಎಂದೆ. ಅಷ್ಟೂ ನಿಜ. ಬಿಸಿಗೆ ಫೈಲುಗಳು ತಾವಾಗಿ ಪಕ್ಕದವರ ಪಾಲಿಗೆ ಹೋಗುತ್ತವೆ ಎಂದು ಅವರು ಅರ್ಥಮಾಡಿಕೊಂಡರು. ಉಷ್ಣಗತಿವಿಜ್ಞಾನದ ಪಾಠ ಮಾಡುವವರಿಗೆ ನಾನೇನು ತಿದ್ದಲಿ? ಎ.ಸಿ.ಯನ್ನು ಯಾವ ಕಾರಣಕ್ಕೂ ಆಫ್ ಮಾಡಬಾರದೆಂದು ಅಂದೇ ಸುತ್ತೋಲೆ ಹೊರಟಿತು. ಮುಂದಿನ ವರ್ಷ ನಂದಾದೀಪವನ್ನು ಗಾಜಿನ ಹೊರಗೆ, ಮೊಗಸಾಲೆಯಲ್ಲಿ ಇಟ್ಟರೆಂದು ಕೇಳಿದೆ.

ನವೆಂಬರ್ ಕೊನೆಗೆ ಲೆಕ್ಕ ಮುಗಿಯಿತು. ಡಿಸೆಂಬರಿನಲ್ಲಿ ಪ್ರಬಂಧ ಕೊಟ್ಟೆ. ಇಲವಾಲದ ಶಾಲೆಗೆ ಬೇರೆ ಯಾರೋ ಸೇರಿಕೊಂಡರು. "ಇಸ್ಕೊಂಡ್ರಾ ಕೊನೆಗೂ?" ಎಂದಷ್ಟೇ ಕೇಳಿ ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದರು.

ಪೇಪರು ಕಳಿಸುವ ಮುನ್ನ ಮಾತಿನಂತೆ ಮುಖ್ಯಸ್ಥರ ಹೆಸರನ್ನು ಮೊದಲು ಹಾಕಿದೆ. ಜಾಗ ಅವರದು. ಅದರ ಕರಡು ಮೇಜಿನ ಮೇಲಿರುವಾಗ ಎರಡನೆಯ ಪ್ರೊಫೆಸರು ಬಂದು, ನಿಂತುಕೊಂಡೇ ಓದಿ, ಕೇಳಿದರು.

"ಇವರ ಜಾಗದಲ್ಲಿ ನಿನ್ನ ಲೆಕ್ಕ ಇತ್ತು. ಸರಿ. ಇವರ ಸಾಮಾನು ಅಷ್ಟು ದಿನ ಎಲ್ಲಿತ್ತಮ್ಮ?"

ಪೆನ್ನು ಕೈಗೆತ್ತಿಕೊಂಡೆ. ಅವರ ಹೆಸರು ಎರಡನೆಯದಾಯಿತು. ಮಾರ್ಗದರ್ಶಕರು ಮೂರನೆಯ ಸ್ಥಾನಕ್ಕೆ ಹೊಂದಿಕೊಂಡು ಹೋದರು. ನನ್ನ ಹೆಸರನ್ನು ಕೊನೆಯಲ್ಲಿ, ಉಳಿದ ಜಾಗದಲ್ಲಿ ಬರೆದೆ.